30×40 ಸೈಟಿನಲ್ಲಿ ಕೆಳಗಡೆಯೇ ಎರಡು ಬೆಡ್‌ರೂಮ್ ಬೇಕಾ?

ಪೂರ್ವಕ್ಕೆ ರಸ್ತೆ ಇರುವ 30×40 ಸೈಟು. ಮನೆಯಲ್ಲಿ ವಯಸ್ಸಾದ ತಂದೆ ತಾಯಿ, ನೀವಿಬ್ಬರು, ಒಬ್ಬಳು ಮಗಳು. ಕೆಳಗಡೆಯೇ ಎರಡು ಬೆಡ್‌ರೂಮ್, ಎರಡಕ್ಕೂ ಬಾತ್‌ರೂಮ್, ದೊಡ್ಡ ಹಾಲ್, ದೇವರ ಮನೆ, ಕಾರಿಗೆ ಜಾಗ ಇಷ್ಟೂ ಹಿಡಿಯುತ್ತಾ ಅಂತ ಕೇಳಿದ್ದೀರಿ. ಕಾಗದದ ಮೇಲೆ ಹಿಡಿಸಿ ಕೊಡುವವರು ಸಿಗುತ್ತಾರೆ. ಆದರೆ ನನ್ನನ್ನು ಕೇಳಿದರೆ ಕೆಳಗೆ ಒಂದೇ ಬೆಡ್‌ರೂಮ್ ಇಡಿ, ಅದನ್ನು ಚೆನ್ನಾಗಿ ಮಾಡಿ. ಮಿಕ್ಕಿದ್ದು ಮೇಲೆ ಹೋಗಲಿ. 2012ರಲ್ಲಿ ಮೈಸೂರಿನಲ್ಲಿ ಇಷ್ಟೇ ಅಳತೆಯ ಸೈಟಿನಲ್ಲಿ ನಾವು ಮನೆ ಕಟ್ಟಿದೆವು. ಕೆಳಗೆ ಎರಡು ರೂಮ್ ಹಾಕಿಸಿಕೊಂಡೆವು. ಅದರ ಕಷ್ಟ ಗೊತ್ತಿರುವುದರಿಂದಲೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮೊದಲು ಲೆಕ್ಕ ನೋಡಿ. 1200 ಚದರಡಿ ಅಂದರೆ ತುಂಬಾ ಅನ್ನಿಸುತ್ತದೆ. ಸುತ್ತ ಎಷ್ಟು ಜಾಗ ಬಿಡಬೇಕು ಅನ್ನುವುದನ್ನು ನಿಮ್ಮೂರಿನ ಪ್ರಾಧಿಕಾರದಲ್ಲೇ ಕೇಳಿಕೊಳ್ಳಿ. ಉದಾಹರಣೆಗೆ ಮುಂದೆ 5 ಅಡಿ, ಹಿಂದೆ 3, ಒಂದು ಪಕ್ಕ 3, ಇನ್ನೊಂದು ಪಕ್ಕ 2 ಬಿಟ್ಟಿರಿ ಅಂದುಕೊಳ್ಳೋಣ. ಕಟ್ಟಡಕ್ಕೆ ಸಿಗುವುದು 25×32, ಅಂದರೆ 800 ಚದರಡಿ. ಹೊರಗೋಡೆ 8 ಇಂಚು, ಒಳಗೋಡೆ 4 ಇಂಚು, ಮೇಲೆ ಗಾರೆ. ಇವನ್ನು ಕಳೆದರೆ ಕಾಲಿಡಲು ಉಳಿಯುವುದು 700ರ ಒಳಗೆ.

ಕಾರಿನ ಬಾಗಿಲು ತೆಗೆದು ಇಳಿಯಬೇಕಾದರೆ 9 ಅಡಿ ಅಗಲ, 15 ಅಡಿ ಉದ್ದ ಬೇಕು. ಅದರಲ್ಲಿ 5 ಅಡಿ ಮುಂದೆ ಬಿಟ್ಟ ಜಾಗದಲ್ಲೇ ಬರುತ್ತದೆ, ಮನೆಯಿಂದ 90 ಚದರಡಿ ಹೋಗುತ್ತದೆ. ಮೆಟ್ಟಿಲಿಗೆ 85. ಉಳಿದದ್ದು 525. ಇದರಲ್ಲಿ ಬೆಡ್‌ರೂಮ್ 126, ಬಾತ್‌ರೂಮ್ 40, ಅಡಿಗೆ ಮನೆ 80, ಯುಟಿಲಿಟಿ (ಪಾತ್ರೆ, ಬಟ್ಟೆ ತೊಳೆಯುವ ಜಾಗ) 32, ದೇವರ ಮನೆ 12 ತೆಗೆದರೆ ಹಾಲ್ ಮತ್ತು ಊಟದ ಜಾಗಕ್ಕೆ 235 ಚದರಡಿ ಸಿಗುತ್ತದೆ. ಇದು ಒಳ್ಳೆಯ ಅಳತೆ. ಹಬ್ಬಕ್ಕೆ ಹತ್ತು ಜನ ಬಂದರೂ ಕೂತು ಉಣ್ಣಬಹುದು. ಇನ್ನೊಂದು ಬೆಡ್‌ರೂಮ್, ಬಾತ್‌ರೂಮನ್ನು ಸ್ವಲ್ಪ ಚಿಕ್ಕದಾಗಿ ಸೇರಿಸಿದರೂ 150 ಹೋಯಿತು. 85 ಚದರಡಿಯಲ್ಲಿ ಸೋಫಾ ಹಾಕುತ್ತೀರೋ, ಊಟದ ಮೇಜು ಹಾಕುತ್ತೀರೋ? ನಮ್ಮ ಮನೆಯಲ್ಲಿ ಆಗಿದ್ದು ಇದೇ. ಹಾಲ್ ಓಡಾಡುವ ದಾರಿಯಾಯಿತು. ಎರಡನೇ ಬೆಡ್‌ರೂಮಿನಲ್ಲಿ ವರ್ಷದ ಬಹುಪಾಲು ಬಟ್ಟೆ ಒಣಗುತ್ತದೆ.

ಜಾಗ ಹೊಂದಿಸಲು ನಮ್ಮ ಪ್ಲಾನಿನಲ್ಲಿ ಬಾತ್‌ರೂಮನ್ನು ಕಿರಿದು ಮಾಡಿದ್ದರು. ಬಾಗಿಲು ಎರಡೂಕಾಲು ಅಡಿ, ಅದರಲ್ಲಿ ಚೌಕಟ್ಟು ಕಳೆದು ಉಳಿದದ್ದು 24 ಇಂಚು. ಹೊಸ್ತಿಲು 4 ಇಂಚು ಎತ್ತರ. ನಾಲ್ಕು ವರ್ಷದ ನಂತರ ನಮ್ಮ ತಂದೆ ಬಿದ್ದು ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಿಂದ ಕರೆದುಕೊಂಡು ಬಂದ ದಿನ ಗಾಲಿ ಕುರ್ಚಿ ಬಾಗಿಲಲ್ಲೇ ನಿಂತುಬಿಟ್ಟಿತು. ಮೂರು ತಿಂಗಳು ಇಬ್ಬರು ಹಿಡಿದುಕೊಂಡು ಒಳಗೆ ಕರೆದೊಯ್ಯುತ್ತಿದ್ದೆವು. ಅವರಿಗೆ ಅದು ಎಷ್ಟು ಸಂಕಟ ಕೊಟ್ಟಿತು ಅನ್ನುವುದು ಅವರ ಮುಖದಲ್ಲೇ ಕಾಣುತ್ತಿತ್ತು. ಅದಕ್ಕೇ ಕೇಳಿಕೊಳ್ಳುತ್ತೇನೆ, ತಂದೆ ತಾಯಿಯ ಬಾತ್‌ರೂಮಿಗೆ ಚೌಕಟ್ಟು ಬಿಟ್ಟು 32 ಇಂಚಿನ ಬಾಗಿಲು ಇಡಿ. ಹೊಸ್ತಿಲು ಬೇಡ, ನೀರು ಹೊರಗೆ ಬರದ ಹಾಗೆ ಸ್ವಲ್ಪ ಇಳಿಜಾರು ಕೊಟ್ಟರೆ ಸಾಕು. ಬಾಗಿಲು ಹೊರಕ್ಕೆ ತೆರೆಯಲಿ. ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲನ್ನು ತಳ್ಳಲು ಆಗುವುದಿಲ್ಲ. ಕಮೋಡಿನ ಪಕ್ಕ ಹಿಡಿಕೆ ಹಾಕುವ ಕಡೆ ಗೋಡೆ ಗಟ್ಟಿಯಿರಲಿ ಅಂತ ಮೇಸ್ತ್ರಿಗೆ ಈಗಲೇ ಹೇಳಿ.

ಪ್ಲಾನ್ ಬರೆಯುವಾಗ ಎಲ್ಲರೂ ರೂಮುಗಳಿಂದ ಶುರು ಮಾಡುತ್ತಾರೆ. ನೀವು ಮೆಟ್ಟಿಲಿನಿಂದ ಶುರು ಮಾಡಿ. ಒಂದು ನೆಲದಿಂದ ಮೇಲಿನ ನೆಲಕ್ಕೆ ಹತ್ತೂವರೆ ಅಡಿ ಅಂದರೆ 126 ಇಂಚು. ಒಂದೊಂದು ಮೆಟ್ಟಿಲು 7 ಇಂಚು ಎತ್ತರ ಇದ್ದರೆ 18 ಏರಬೇಕು. ಕಾಲಿಡಲು 10 ಇಂಚು ಬೇಕೇ ಬೇಕು. ಮಧ್ಯೆ ತಿರುಗುವ ಮೆಟ್ಟಿಲಾದರೆ ಆರೂವರೆ ಅಡಿ ಅಗಲ, ಹತ್ತಿರ ಹತ್ತಿರ 13 ಅಡಿ ಉದ್ದ ಬೇಕು. ಇದನ್ನು ಕೊನೆಗೆ ಬಿಟ್ಟರೆ ಉಳಿದ ಮೂಲೆಯಲ್ಲಿ ಕಡಿದಾದ ಮೆಟ್ಟಿಲು ಬರುತ್ತದೆ. ದಿನಾ ಹತ್ತಿ ಇಳಿಯುವವರು ನೀವು ಮತ್ತು ಮಗಳು, ಅಲ್ವಾ?

ಮೆಟ್ಟಿಲು ಮತ್ತು ಬಾತ್‌ರೂಮನ್ನು ಆದಷ್ಟು ಪಶ್ಚಿಮಕ್ಕೆ ತಳ್ಳಿ. ಮಾರ್ಚ್, ಏಪ್ರಿಲ್‌ನಲ್ಲಿ ಮಧ್ಯಾಹ್ನದ ಮೇಲೆ ಆ ಗೋಡೆ ಕಾದು ರಾತ್ರಿಯವರೆಗೂ ಬಿಸಿ ಬಿಡುತ್ತಿರುತ್ತದೆ. ನೈಋತ್ಯದಲ್ಲಿ ಬೆಡ್‌ರೂಮ್ ಬಂದರೆ ಪಶ್ಚಿಮದ ಗೋಡೆಗೆ ಬೀರು ಹಾಕಿ, ಕಿಟಕಿ ದಕ್ಷಿಣಕ್ಕೆ ಇಡಿ. ದಕ್ಷಿಣದ ಬಿಸಿಲನ್ನು ಕಿಟಕಿಯ ಮೇಲಿನ ಎರಡಡಿ ಸಜ್ಜಾ ತಡೆಯುತ್ತದೆ, ಪಶ್ಚಿಮದ ಓರೆ ಬಿಸಿಲನ್ನು ತಡೆಯುವುದಿಲ್ಲ. ಮನೆಯ ಮಧ್ಯೆ ಮೇಲೆ ತೆರೆದ ತೊಟ್ಟಿ ಬೇಕು ಅಂತಲೂ ಬರೆದಿದ್ದೀರಿ. ಆಸೆ ಅರ್ಥವಾಗುತ್ತದೆ, ನನ್ನ ಅಜ್ಜಿಯ ಮನೆಯೂ ತೊಟ್ಟಿ ಮನೆಯೇ. ಆದರೆ ಇಷ್ಟು ಜಾಗದಲ್ಲಿ ಮೆಟ್ಟಿಲಿನ ಮೇಲೆಯೇ ಗಾಜು ಹಾಕಿಸಿ, ಅದರ ಪಕ್ಕ ಗಾಳಿ ಹೋಗಲು ಜಾಲರಿ ಬಿಡಿಸಿ. ಬಿಸಿಗಾಳಿ ಮೇಲಕ್ಕೆ ಹೋಗುತ್ತದೆ, ಮಧ್ಯಕ್ಕೆ ಬೆಳಕು ಬರುತ್ತದೆ.

ಅಡಿಗೆ ಮನೆ ಆಗ್ನೇಯಕ್ಕೆ ಅಂತ ನಿಮ್ಮ ತಾಯಿ ಹೇಳುತ್ತಿದ್ದಾರಂತೆ. ಒಪ್ಪಿಕೊಳ್ಳಿ. ಬೆಳಗಿನ ಬಿಸಿಲು ಬರುತ್ತದೆ. ಮಳೆಗಾಲದಲ್ಲಿ ಗಾಳಿ ಪಶ್ಚಿಮದಿಂದ ಬೀಸುವುದರಿಂದ ಒಗ್ಗರಣೆ ಹೊಗೆ ಮನೆಯೊಳಗೆ ತಿರುಗುವುದು ಕಡಿಮೆ. ಕಟ್ಟೆಯ ಎತ್ತರವನ್ನು ಮಾತ್ರ ಮೇಸ್ತ್ರಿಗೆ ಬಿಡಬೇಡಿ. ಅಡಿಗೆ ಮಾಡುವವರನ್ನು ನಿಲ್ಲಿಸಿ, ಮೊಣಕೈಗಿಂತ 4ರಿಂದ 6 ಇಂಚು ಕೆಳಗೆ ಗುರುತು ಹಾಕಿ. ಎರಡು ಕಡೆ ಕಟ್ಟೆ ಮಾಡಿಸಿದರೆ ನಡುವೆ 4 ಅಡಿ ಬಿಡಿ, ಇಬ್ಬರು ಬೆನ್ನು ತಾಗದೆ ಕೆಲಸ ಮಾಡಬಹುದು. ಗ್ರೈಂಡರ್, ಮಿಕ್ಸಿ, ಫ್ರಿಜ್ಜು, 25 ಕೆಜಿ ಅಕ್ಕಿ ಚೀಲ ಎಲ್ಲಿರುತ್ತವೆ ಅಂತ ಈಗಲೇ ಬರೆಯಿರಿ. ಯುಟಿಲಿಟಿ 4 ಅಡಿಗಿಂತ ಕಡಿಮೆಯಾದರೆ ವಾಷಿಂಗ್ ಮೆಷಿನ್ ಇಟ್ಟ ಮೇಲೆ ಪಾತ್ರೆ ತೊಳೆಯಲು ನಿಲ್ಲುವುದಕ್ಕೇ ಆಗುವುದಿಲ್ಲ.

ಪ್ಲಾನ್ ಕೈಗೆ ಬಂದ ಮೇಲೆ ಒಂದು ಕೆಲಸ ಮಾಡಿ. ಯಾವುದಾದರೂ ತಾರಸಿಯ ಮೇಲೆ ಸೀಮೆಸುಣ್ಣದಲ್ಲಿ ಕೆಳಮಹಡಿಯನ್ನು ನಿಜವಾದ ಅಳತೆಯಲ್ಲಿ ಬರೆಯಿರಿ. 6×6½ ಅಡಿ ಮಂಚದ ಜಾಗಕ್ಕೆ ಜಮಖಾನ ಹಾಸಿ. ತಂದೆಯವರು ಅದರ ಮೇಲಿಂದ ಎದ್ದು ಬಾತ್‌ರೂಮಿನವರೆಗೆ ನಡೆಯಲಿ. ತಾಯಿ ಒಲೆಯಿಂದ ಸಿಂಕಿಗೆ, ಅಲ್ಲಿಂದ ಯುಟಿಲಿಟಿಗೆ ನಡೆಯಲಿ. ಗೋಡೆ ಇಲ್ಲದ ಬಯಲಿನಲ್ಲಿ ರೂಮುಗಳು ತೀರಾ ಚಿಕ್ಕದಾಗಿ ಕಾಣುತ್ತವೆ. ಗಾಬರಿಯಾಗಿ ಸುಮ್ನೆ ಅಡಿ ಅಡಿ ಹೆಚ್ಚಿಸಬೇಡಿ, ಪಾಯ ಗುರುತು ಹಾಕುವ ದಿನವೂ ಹೀಗೇ ಕಾಣುತ್ತದೆ. ಮಂಚ ಹಾಕಿದ ಮೇಲೆ ಎರಡು ಪಕ್ಕ ಎರಡೆರಡು ಅಡಿ ಉಳಿದರೆ ಆ ರೂಮ್ ಸರಿಯಾಗಿದೆ.

ನಿಮ್ಮ ಸೈಟಿನ ದಕ್ಷಿಣಕ್ಕೆ ಈಗಾಗಲೇ ಮನೆ ಇದೆಯಾ ಅಂತ ತಿಳಿಸಿ. ಗೋಡೆ ಹತ್ತಿರವಿದ್ದರೆ ಬೆಡ್‌ರೂಮಿನ ಕಿಟಕಿಗೆ ಬೇರೆ ದಾರಿ ಯೋಚಿಸಬೇಕಾಗುತ್ತದೆ.