ಅನುಮಾನ ಬಂದ ಮೇಲೆ ಕಾಯಬಹುದೇ?

ಪ್ರಶ್ನೆ: ನಾನು ವಸತಿ ಶಾಲೆಯೊಂದರಲ್ಲಿ ಶುಶ್ರೂಷಕಿ. ಹೊಟ್ಟೆನೋವಿನಿಂದ ನರಳುತ್ತಿದ್ದ ಹುಡುಗನನ್ನು ಆಸ್ಪತ್ರೆಗೆ ಕಳುಹಿಸಿದ್ದೆ. ಅಲ್ಲಿ ಏನೂ ಕಾಣಲಿಲ್ಲ. ‘ಸುಮ್ಮನೆ ಗಾಬರಿ ಹುಟ್ಟಿಸುತ್ತೀರಿ’ ಎಂದು ಮೇಲಿನವರು ಆಕ್ಷೇಪಿಸಿದಂದಿನಿಂದ ಹಿಂಜರಿಕೆ. ಈಗ ಏಳನೇ ತರಗತಿಯ ಹುಡುಗಿಯೊಬ್ಬಳು ರಾತ್ರಿ ಮೂರು ಬಾರಿ ನೀರಿನ ಬಾಟಲಿ ತುಂಬಿಸಿಕೊಳ್ಳುತ್ತಾಳೆ, ಪದೇ ಪದೇ ಮೂತ್ರಕ್ಕೆ ಹೋಗುತ್ತಾಳೆ. ಜೂನ್‌ನಲ್ಲಿ ಸರಿಯಾಗಿದ್ದ ಲಂಗ ಈಗ ಸೊಂಟದಿಂದ ಜಾರುತ್ತಿದೆ. ಕಾದು ನೋಡಲೇ?

ಉತ್ತರ: ಖಂಡಿತ ಬೇಡ. ಈ ಸಂಚಿಕೆ ಕೈಸೇರುವ ಮೊದಲೇ ಕಳುಹಿಸಿರುತ್ತೀರೆಂದು ಆಶಿಸುತ್ತೇನೆ. ಇಲ್ಲದಿದ್ದರೆ ಇಂದೇ ಕಳುಹಿಸಿ. ಅತಿ ಬಾಯಾರಿಕೆ, ಪದೇ ಪದೇ ಮೂತ್ರ, ತೂಕ ಇಳಿಕೆ ಈ ಮೂರೂ ಒಟ್ಟಿಗೆ ಕಂಡಾಗ ಮೊದಲು ಶಂಕಿಸಬೇಕಾದದ್ದು ಟೈಪ್ 1 ಮಧುಮೇಹ, ಅಂದರೆ ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ದೇಹದಲ್ಲಿ ಉತ್ಪತ್ತಿಯಾಗದ ಸ್ಥಿತಿ. ಗ್ಲುಕೋಮೀಟರ್ ಇದ್ದರೆ ಬೆರಳ ತುದಿಯ ಹನಿ ರಕ್ತದಲ್ಲಿ ಸಕ್ಕರೆ ನೋಡಿ, ಆದರೆ ಅದು ಇಲ್ಲವೆಂದು ತಡಮಾಡಬೇಡಿ. ಇನ್ಸುಲಿನ್ ಸಿಗದೆ ರಕ್ತದಲ್ಲಿ ಕೀಟೋನ್‌ಗಳು (ದೇಹ ಕೊಬ್ಬನ್ನು ಕರಗಿಸಿದಾಗ ಹುಟ್ಟುವ ಆಮ್ಲೀಯ ವಸ್ತುಗಳು) ಹೆಚ್ಚಿ ವಾಂತಿ, ಹೊಟ್ಟೆನೋವು, ಏದುಸಿರು ಶುರುವಾದರೆ ಕೆಲವೇ ಗಂಟೆಗಳಲ್ಲಿ ಜೀವಕ್ಕೆ ಅಪಾಯ, ಆಗ 108ಕ್ಕೆ ಕರೆ ಮಾಡಿ.

ಹುಡುಗನ ವಿಷಯದಲ್ಲಿ ನೀವು ತಪ್ಪು ಮಾಡಲಿಲ್ಲ. ಅಪೆಂಡಿಸೈಟಿಸ್ (ಕರುಳುಬಾಲದ ಉರಿಯೂತ) ಅಲ್ಲವೆಂದು ವೈದ್ಯರು ಪರೀಕ್ಷಿಸಿ ಹೇಳುವುದೂ ಒಂದು ಫಲಿತಾಂಶವೇ. ರೋಗ ನಿರ್ಣಯ ಅವರ ಕೆಲಸ, ಎಂದಿನಂತಿಲ್ಲದ ಮಗುವನ್ನು ಗುರುತಿಸುವುದು ನಿಮ್ಮದು. ಮಕ್ಕಳ ಆರೋಗ್ಯ ತಪಾಸಣೆಗೆ ವರ್ಷಕ್ಕೊಮ್ಮೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ಆ ಜಾರುವ ಲಂಗ ಕಾಣುವುದಿಲ್ಲ. ಆಸ್ಪತ್ರೆಗೆ ಕಳುಹಿಸುವ ಚೀಟಿಯಲ್ಲಿ ‘ಸುಸ್ತು’ ಎಂದಷ್ಟೇ ಬರೆಯದೆ, ಎಷ್ಟು ದಿನದಿಂದ, ರಾತ್ರಿ ಎಷ್ಟು ಬಾರಿ, ತೂಕ ಎಷ್ಟಿತ್ತು, ಈಗೆಷ್ಟು ಎಂದು ಬರೆದು, ಅದರ ಒಂದು ನಕಲನ್ನು ನಿಮ್ಮಲ್ಲಿಟ್ಟುಕೊಳ್ಳಿ.