ಬೊಂಬೆ ಹತ್ರ ಬರೋ ಇಂಗ್ಲಿಷ್, ಟೀಚರ್ ಎದುರು ಯಾಕೆ ಬರಲ್ಲ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಕಾರ್ಕಳ ಕಡೆಯವಳು, ಮದುವೆಯಾಗಿ ಮುಂಬೈ ಹತ್ರದ ಡೊಂಬಿವ್ಲಿಗೆ ಬಂದೆ, ಪಿಯುಸಿವರೆಗೂ ಕನ್ನಡ ಮೀಡಿಯಂ. ಈಚೆಗೆ ಫೋನಲ್ಲಿ ಒಂದು ಆ್ಯಪ್ ಹಾಕ್ಕೊಂಡಿದ್ದೀನಿ, ಅದ್ರಲ್ಲಿ ಒಂದು ಹುಡುಗಿ ಬೊಂಬೆ ಬಾಯಿ ಆಡಿಸ್ತಾ ಇಂಗ್ಲಿಷಲ್ಲಿ ಮಾತಾಡಿಸುತ್ತೆ, ಅದ್ರ ಹತ್ರ ಆರಾಮಾಗಿ ಮಾತಾಡ್ತೀನಿ, ಆದ್ರೆ ಮಗಳ ಸ್ಕೂಲಿನ ಪಿಟಿಎಂಗೆ, ಅಂದ್ರೆ ಪೇರೆಂಟ್ಸ್-ಟೀಚರ್ ಮೀಟಿಂಗಿಗೆ ಹೋದ್ರೆ ಬಾಯಿ ಕಟ್ಟಿ ಹೋಗುತ್ತೆ, ಹಿಂದಿಗೆ ಇಳೀತೀನಿ. ಬೊಂಬೆ ಯಾವಾಗ್ಲೂ ಗುಡ್ ಜಾಬ್ ಅನ್ನುತ್ತೆ, ಅದು ನಿಜಾನಾ? ದುಡ್ಡು ಕೊಟ್ಟು ಪೂರ್ತಿ ಆ್ಯಪ್ ತಗೋಬೇಕಾ?
- ಓದುಗರು, ಡೊಂಬಿವ್ಲಿ

ಉತ್ತರ: ಬೊಂಬೆ ಹತ್ರ ಮಾತು ಬರ್ತಿದೆ ಅಂದ್ರೆ ಇಂಗ್ಲಿಷ್ ನಿಮ್ಮೊಳಗೆ ಇದೆ, ಮೊದಲು ಅದನ್ನ ನಂಬಿ. ಪಿಟಿಎಂನಲ್ಲಿ ಬಾಯಿ ಕಟ್ಟೋದು ಗ್ರಾಮರಿಂದ ಅಲ್ಲ, ಎದುರಿಗಿರೋರು ಏನಂದ್ಕೋತಾರೋ ಅನ್ನೋ ಅಂಜಿಕೆಯಿಂದ. ಸ್ಟೀಫನ್ ಕ್ರಾಶೆನ್ ಅನ್ನೋ ಅಮೆರಿಕದ ಭಾಷಾತಜ್ಞರು 1980ರ ದಶಕದಲ್ಲೇ ಇದ್ರ ಬಗ್ಗೆ ಬರೆದಿದ್ದಾರೆ, ಭಯ ನಾಚಿಕೆ ಜಾಸ್ತಿ ಇದ್ರೆ ಹೊಸ ಭಾಷೆ ಮನಸ್ಸಿಗೆ ಇಳಿಯೋದೇ ಕಷ್ಟ ಅಂತ. ಬೊಂಬೆ ನಗಲ್ಲ, ಹುಬ್ಬು ಗಂಟಿಕ್ಕಲ್ಲ, ನೀವು ಒಂದು ಪದ ಹುಡುಕ್ತಾ ನಿಂತ್ರೂ ಬೇಜಾರು ಮಾಡ್ಕೊಳ್ಳಲ್ಲ. ಆ ಧೈರ್ಯ ನಿಮಗೆ ಅದ್ರಿಂದ ಸಿಕ್ಕಿದೆ, ಅದು ಸಣ್ಣ ವಿಷಯ ಅಲ್ಲ.

ಆದ್ರೆ ಗುಡ್ ಜಾಬ್ ಅನ್ನೋದನ್ನ ಪೂರ್ತಿ ನಂಬಬೇಡಿ. ನೀವು ಒಂದು ಪದ ತಪ್ಪಾಗಿ ಉಚ್ಚರಿಸಿದ್ರೂ ಹಿಂದೆ ಮುಂದೆ ಇರೋ ಪದ ನೋಡಿ ಅದು ಇದೇ ಇರಬೇಕು ಅಂತ ಊಹೆ ಮಾಡೋ ಶಕ್ತಿ ಈ ಆ್ಯಪ್‌ಗಳಿಗೆ ಇರುತ್ತೆ, ಹಾಗಾಗಿ ಅದಕ್ಕೆ ಅರ್ಥ ಆಯ್ತು ಅಂದಮಾತ್ರಕ್ಕೆ ಉಚ್ಚಾರ ಸರಿ ಇತ್ತು ಅಂತಲ್ಲ. ಒಂದು ಪರೀಕ್ಷೆ ಮಾಡಿ ನೋಡಿ. ಫೋನಿನ ಕೀಬೋರ್ಡಲ್ಲಿ ಮೈಕ್ ಒತ್ತಿ, ಭಾಷೆ ಇಂಗ್ಲಿಷ್ ಇಟ್ಟು, ವಾಕ್ಯ ಬೇಡ, ಬರೀ ಒಂದೊಂದೇ ಪದ ಹೇಳಿ. ಡೊಂಬಿವ್ಲಿ ವೆಸ್ಟ್ ಅನ್ನೋ ವೆಸ್ಟ್ ಒಂದ್ಸಲ, ಬನಿಯನ್ ಅನ್ನೋ ಅರ್ಥದ ವೆಸ್ಟ್ ಇನ್ನೊಂದ್ಸಲ. ನಮಗೆ ಎರಡಕ್ಕೂ ಒಂದೇ ವ, ಇಂಗ್ಲಿಷಲ್ಲಿ ಮೊದಲನೇದಕ್ಕೆ ತುಟಿ ದುಂಡಗೆ ಮಾಡಬೇಕು, ಹಲ್ಲು ಮುಟ್ಟಬಾರದು, ಎರಡನೇದಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಎಗ್ ಅನ್ನೋದು ಯೆಗ್ ಆಗುತ್ತಾ, ಝೂ ಅನ್ನೋದು ಜೂ ಆಗುತ್ತಾ ಅದನ್ನೂ ನೋಡಿ. ಫೋನ್ ಬೇರೆ ಏನೋ ಬರೆದ್ರೆ ಅಲ್ಲಿ ಕೆಲಸ ಬಾಕಿ ಇರಬಹುದು.

ಇನ್ನೊಂದು, ಬೊಂಬೆಯ ಬಾಯಿ ನೋಡಿ ಉಚ್ಚಾರ ಕಲಿಯೋಕೆ ಹೋಗಬೇಡಿ. ಸಾಧಾರಣ ಬೊಂಬೆಗಳಿಗೆ ಕೆಲವೇ ಬಾಯಿ ಆಕಾರ ಕೊಟ್ಟಿರ್ತಾರೆ, ಬೇರೆ ಬೇರೆ ಶಬ್ದಕ್ಕೂ ಅದೇ ಆಕಾರ ತಿರುಗಿ ತಿರುಗಿ ಬರುತ್ತೆ, ನಾಲಗೆ ಎಲ್ಲಿದೆ ಅಂತ ಕಾಣೋದೇ ಇಲ್ಲ. ಕಣ್ಣಿಗೆ ಕಾಣೋ ತುಟಿ ಕಿವಿಗೆ ಕೇಳೋದನ್ನೇ ಬದಲಾಯಿಸುತ್ತೆ ಅಂತ ಮೆಗರ್ಕ್ ಮತ್ತು ಮ್ಯಾಕ್‌ಡೊನಾಲ್ಡ್ ಅನ್ನೋ ಇಬ್ಬರು ಸಂಶೋಧಕರು 1976ರಲ್ಲೇ ತೋರಿಸಿದ್ರು. ಬ ಅನ್ನೋ ಶಬ್ದ ಹಾಕಿ ಗ ಅನ್ನೋ ತುಟಿ ತೋರಿಸಿದ್ರೆ ಬಹಳ ಜನರಿಗೆ ದ ಅಂತ ಕೇಳುತ್ತೆ! ಅದಕ್ಕೇ ತುಟಿಗೆ ಕನ್ನಡಿ ನೋಡಿ, ಇಲ್ಲಾ ನಿಜವಾದ ಮನುಷ್ಯರ ವಿಡಿಯೋ ನೋಡಿ.

ಈಗ ಪಿಟಿಎಂ ವಿಷಯ. ಬೊಂಬೆ ಬೇಜಾರು ಮಾಡ್ಕೊಳ್ಳಲ್ಲ ಅಂದೆನಲ್ಲ, ಟೀಚರ್ ಕಾಯಲ್ಲ, ಅವರ ಮುಂದೆ ಲೈನ್ ಇರುತ್ತೆ, ನಡುವೆ ಬಾಯಿ ಹಾಕ್ತಾರೆ, ಬೇಗ ಬೇಗ ಮಾತಾಡ್ತಾರೆ. ನಿಮ್ಮ ಆ್ಯಪಲ್ಲಿ ಸ್ವಂತ ಸನ್ನಿವೇಶ ಕೊಡೋ ಅವಕಾಶ ಇದ್ರೆ ಹೀಗೆ ಹೇಳಿ: ನೀನು ಅವಸರದಲ್ಲಿರೋ ಟೀಚರ್, ಮಗಳಿಗೆ ಮ್ಯಾತ್ಸಲ್ಲಿ ಮಾರ್ಕ್ಸ್ ಯಾಕೆ ಕಮ್ಮಿ ಆಯ್ತು ಅಂತ ಕೇಳು, ನನ್ನ ಮಾತು ಮುಗಿದ ತಕ್ಷಣ ಇನ್ನೊಂದು ಪ್ರಶ್ನೆ ಹಾಕು. ಆಮೇಲೆ ನ್ಯೂಜಿಲೆಂಡಿನ ಪ್ರೊಫೆಸರ್ ಪಾಲ್ ನೇಶನ್ ಬರೆದಿರೋ 4-3-2 ವಿಧಾನ ಹಿಡೀರಿ. ಒಂದೇ ವಿಷಯನ ಒಬ್ಬರಿಗೆ 4 ನಿಮಿಷ, ಇನ್ನೊಬ್ಬರಿಗೆ 3 ನಿಮಿಷ, ಮೂರನೆಯವರಿಗೆ 2 ನಿಮಿಷದಲ್ಲಿ ಹೇಳೋದು, ಹೇಳ್ತಾ ಹೇಳ್ತಾ ತಡವರಿಕೆ ಕಮ್ಮಿ ಆಗುತ್ತೆ. ಮೊದಲನೇದು ಬೊಂಬೆಗೆ, ಎರಡನೇದು ಮಗಳಿಗೆ, ಮೂರನೇದು ಪಕ್ಕದ ಮನೆಯವರಿಗೆ. ಮನುಷ್ಯರ ಕಿವಿಗೆ ಬೀಳಿಸದೆ ಇಟ್ಟರೆ ಪಿಟಿಎಂ ಭಯ ಹೋಗಲ್ಲ.

ದುಡ್ಡು ಈಗ್ಲೇ ಬೇಡ. ಭಾಷೆ ಕಲಿಸೋ ಆ್ಯಪ್ ಡುಯೊಲಿಂಗೊದವರು 2024ರಲ್ಲಿ ಲಿಲಿ ಅನ್ನೋ ಪಾತ್ರದ ಜೊತೆ ವಿಡಿಯೋ ಕಾಲ್ ತಂದಾಗ ಅದನ್ನ ದುಬಾರಿ ಪ್ಲಾನಲ್ಲೇ ಇಟ್ಟಿದ್ರು. ಫ್ರೀಯಲ್ಲಿ ಸಿಗೋದನ್ನ ಪೂರ್ತಿ ಬಳಸಿ, ಸಾಲದು ಅನ್ನಿಸಿದ್ರೆ ಒಂದು ತಿಂಗಳಿಗೆ ಮಾತ್ರ ತಗೊಳ್ಳಿ, ವರ್ಷದ್ದು ಕಟ್ಟಬೇಡಿ.

ಪ್ರಶ್ನೆ: ನಾನು ಮುಂಬೈ ಮುನಿಸಿಪಾಲಿಟಿಯ ಕನ್ನಡ ಶಾಲೆ ಟೀಚರ್. ಮಕ್ಕಳು ಇಂಗ್ಲಿಷ್ ಬರೀತಾರೆ, ಬಾಯಿ ಬಿಡಲ್ಲ. ಇರೋದು ನನ್ನ ಒಂದು ಫೋನು. ಈ ಮಾತಾಡೋ ಬೊಂಬೆ, ಅಂದ್ರೆ ಅವತಾರ್, ಬಳಸಬಹುದಾ?

ಉತ್ತರ: ಖಂಡಿತ ಬಳಸಬಹುದು, ಆದ್ರೆ ಬೊಂಬೆ ಮಕ್ಕಳ ಹತ್ರ ಮಾತಾಡೋದಕ್ಕಿಂತ ಮಕ್ಕಳು ಬೊಂಬೆ ಬಾಯಲ್ಲಿ ಮಾತಾಡೋದು ಒಳ್ಳೇದು. ವೋಕಿ ಅನ್ನೋ ಸೈಟ್ ಟೀಚರ್‌ಗಳ ನಡುವೆ ಪ್ರಸಿದ್ಧ ಆಗಿದ್ದು ಇದಕ್ಕೇ, ಅವತಾರ್ ಆರಿಸಿ ನಮ್ಮ ದನಿ ರೆಕಾರ್ಡ್ ಮಾಡಿದ್ರೆ ಅದು ಆ ದನಿಯಲ್ಲೇ ಮಾತಾಡುತ್ತೆ. ಮನೇಲಿ ನಾಲ್ಕು ಮಾತಾಡದ ಹುಡುಗ ಯಕ್ಷಗಾನದಲ್ಲಿ ಬಣ್ಣ ಹಚ್ಚಿ ಕಿರೀಟ ಕಟ್ಟಿದ ಮೇಲೆ ಹೇಗೆ ಅರ್ಥ ಹೇಳ್ತಾನೋ ಹಾಗೆ, ಮುಖ ಮರೆಯಾದ್ರೆ ದನಿ ಹೊರಗೆ ಬರುತ್ತೆ. ಟೈಪ್ ಮಾಡಿ ಮೆಷಿನ್ ದನಿ ಬರಿಸೋ ಆಯ್ಕೆ ಮಾತ್ರ ಮುಟ್ಟಬೇಡಿ, ಅದ್ರಲ್ಲಿ ಮಗು ಮಾತಾಡೋದೇ ಇಲ್ಲ.

ಮೂವರು ನಾಲ್ವರ ಗುಂಪು ಮಾಡಿ, ಸಾಲು ಬರೆಸಿ, ಓದಿಸಿ ಓದಿಸಿ ಆಮೇಲೆ ರೆಕಾರ್ಡ್ ಮಾಡಿ. ಮಗು ತನ್ನ ದನಿ ಕೇಳಿ ಬೇಡ ಮಿಸ್ ಇನ್ನೊಂದ್ಸಲ ಅಂತ ತಾನೇ ಕೇಳುತ್ತಲ್ಲ, ನಿಜವಾದ ಪ್ರಾಕ್ಟೀಸ್ ಆಗೋದು ಅಲ್ಲೇ, ಅದಕ್ಕೆ ಟೈಮ್ ಕೊಡಿ. ಮಕ್ಕಳ ಹೆಸರಲ್ಲಿ ಅಕೌಂಟ್ ತೆರೀಬೇಡಿ, ಫೋಟೋ ಹಾಕಬೇಡಿ. 2023ರ ಡೇಟಾ ರಕ್ಷಣೆ ಕಾಯ್ದೆ ಪ್ರಕಾರ 18 ವರ್ಷದೊಳಗಿನವರ ಮಾಹಿತಿ ಬಳಸೋಕೆ ಅಪ್ಪ ಅಮ್ಮನ ಒಪ್ಪಿಗೆ ಬೇಕು, ದನಿಯೂ ಮಾಹಿತಿನೇ, ಹಾಗಾಗಿ ಪೋಷಕರಿಗೆ ಕನ್ನಡದಲ್ಲೇ ಒಂದು ಚೀಟಿ ಕಳಿಸಿ ಸಹಿ ತಗೊಂಡು, ಹೆಡ್‌ಮಾಸ್ತರಿಗೂ ಹೇಳಿ ಶುರು ಮಾಡಿ.