ಗುಡ್ಡದ ಓರೆಯಲ್ಲಿ ಡಿಸ್ಕ್ ಗಾಲ್ಫ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಡಿಸ್ಕ್ ಗಾಲ್ಫ್ ಬಗ್ಗೆ ಕಳೆದ ಸಂಚಿಕೆಯಲ್ಲಿ ಪುಟ್ಟ ಟಿಪ್ಪಣಿಯೊಂದು ಪ್ರಕಟವಾಗಿತ್ತು. ಅದನ್ನು ಓದಿ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯವರು ಕೇಳಿದ ಪ್ರಶ್ನೆಗಳಲ್ಲಿ ಹೆಚ್ಚಿನವು ಗುಡ್ಡದ ಮೇಲಿನ ಆಟದ್ದೇ. ಅವುಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರವಿದೆ.

ಪ್ರ: ಇದು ಮಕ್ಕಳು ಆಡುವ ಫ್ರಿಸ್ಬಿಯೇ ಅಲ್ಲವೆ? ಇದರಲ್ಲಿ ಗಾಲ್ಫ್ ಎಲ್ಲಿಂದ ಬಂತು? (ಕುಷ್ಟಗಿ)

ಉ: ಲೆಕ್ಕ ಗಾಲ್ಫಿನದು, ಸಾಮಾನು ಫ್ರಿಸ್ಬಿಯದು. ನಿಗದಿತ ಜಾಗದಿಂದ ಎಸೆಯಬೇಕು, ಬಿದ್ದಲ್ಲಿಗೆ ನಡೆದು ಹೋಗಿ ಅಲ್ಲಿಂದ ಮತ್ತೆ ಎಸೆಯಬೇಕು, ಕೊನೆಗೆ ಸರಪಳಿ ಇಳಿಬಿಟ್ಟ ಕಬ್ಬಿಣದ ಬುಟ್ಟಿಗೆ ಹಾಕಬೇಕು. ಕಡಿಮೆ ಎಸೆತದಲ್ಲಿ ಮುಗಿಸಿದವರು ಗೆದ್ದರು. 1975ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಉದ್ಯಾನದಲ್ಲಿ ಇದರ ಮೊದಲ ಕಾಯಂ ಕೋರ್ಸ್ (ಆಟದ ಅಂಗಳ) ಮಾಡಿದವರು ಎಡ್ ಹೆಡ್ರಿಕ್. ಸರಪಳಿ ಬುಟ್ಟಿಯೂ ಅವರದೇ. ಆದರೆ ಆಟದ ಡಿಸ್ಕ್ ಮಕ್ಕಳ ಫ್ರಿಸ್ಬಿಗಿಂತ ಚಿಕ್ಕದು, ಗಟ್ಟಿ, ಭಾರ. ಅಡ್ಡಳತೆ ಸುಮಾರು 21 ಸೆಂ.ಮೀ., ತೂಕ ಹೆಚ್ಚಾಗಿ 150ರಿಂದ 180 ಗ್ರಾಂ. ತಲೆಗೆ ಬಡಿದರೆ ಹೊಲಿಗೆ ಹಾಕಿಸಬೇಕಾದೀತು.

ಪ್ರ: ನಾನು ಬಲಗೈಯವನು. ಡಿಸ್ಕ್ ಬುಟ್ಟಿಯ ಪಕ್ಕಕ್ಕೇ ಬೀಳುತ್ತದೆ, ಆದರೆ ನಿಲ್ಲುವುದಿಲ್ಲ. ಗಾಲಿಯ ಹಾಗೆ ಎದ್ದು ಇಳಿಜಾರಿನಲ್ಲಿ 30–40 ಮೀಟರ್ ಓಡಿಬಿಡುತ್ತದೆ. ಬೇರೆ ಡಿಸ್ಕ್ ತರಿಸಲೆ? (ಸಂಡೂರು)

ಉ: ದುಡ್ಡು ಉಳಿಸಿಕೊಳ್ಳಿ. ಡಿಸ್ಕಿನ ಯಾವ ಅಂಚು ಮೊದಲು ನೆಲಕ್ಕೆ ತಾಗುತ್ತದೆ ಎಂದು ನಾಲ್ಕು ಎಸೆತ ಗಮನಿಸಿ.

ಬಲಗೈ ಬ್ಯಾಕ್‌ಹ್ಯಾಂಡಿನಲ್ಲಿ (ಕೈಯನ್ನು ಎದೆಗೆ ಅಡ್ಡ ತಂದು ಹೊರಕ್ಕೆ ಬೀಸುವ ಎಸೆತ) ಬಿಟ್ಟ ಡಿಸ್ಕ್, ಮೇಲಿನಿಂದ ನೋಡಿದರೆ, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ಅಂದರೆ ಅದರ ಎಡ ಅಂಚು ಮುಂದಕ್ಕೆ, ಬಲ ಅಂಚು ಹಿಂದಕ್ಕೆ ಸುತ್ತುತ್ತಿರುತ್ತದೆ. ಎಡ ಅಂಚು ಮೊದಲು ತಾಗಿದರೆ ಆ ಸುತ್ತೇ ಬ್ರೇಕ್ ಆಗುತ್ತದೆ. ಬಲ ಅಂಚು ತಾಗಿದರೆ ಬಂಡಿ ಗಾಲಿಯಾಗುತ್ತದೆ. ಈಗ ಗುಡ್ಡಕ್ಕೆ ಅಡ್ಡವಾಗಿ ಎಸೆಯುತ್ತಿದ್ದೀರಿ, ಏರು ನಿಮ್ಮ ಬಲಕ್ಕಿದೆ ಎಂದುಕೊಳ್ಳಿ. ಡಿಸ್ಕ್ ಎಷ್ಟೇ ಸಮತಟ್ಟಾಗಿ ಇಳಿದರೂ ನೆಲ ಬಲಗಡೆ ಎತ್ತರವಿರುವುದರಿಂದ ಬಲ ಅಂಚೇ ಮೊದಲು ತಾಗುತ್ತದೆ. ನಿಮಗೆ ಆಗುತ್ತಿರುವುದು ಬಹುಶಃ ಇದೇ.

ಏರು ಬಲಕ್ಕಿದ್ದಾಗ ಫೋರ್‌ಹ್ಯಾಂಡ್ (ಅಂಗೈ ಮುಂದಾಗಿ ಪಕ್ಕದಿಂದ ಬೀಸುವ ಎಸೆತ) ಎಸೆಯಿರಿ. ಸುತ್ತು ತಿರುವುಮುರುವಾಗುತ್ತದೆ, ಡಿಸ್ಕ್ ಕೊನೆಗೆ ಬಲಕ್ಕೆ, ಅಂದರೆ ಗುಡ್ಡದ ಮೈಗೇ, ವಾಲಿ ಅಲ್ಲೇ ಸುಸ್ತಾಗುತ್ತದೆ. ಏರು ಎಡಕ್ಕಿದ್ದರೆ ಮಾಮೂಲಿ ಬ್ಯಾಕ್‌ಹ್ಯಾಂಡ್ ಸರಿ. ಎಡಗೈಯವರು ಇದನ್ನೆಲ್ಲ ಉಲ್ಟಾ ಮಾಡಿಕೊಳ್ಳಲಿ. ಫೋರ್‌ಹ್ಯಾಂಡ್ ಇನ್ನೂ ಕೈಗೆ ಹತ್ತಿಲ್ಲವೆ? ಬ್ಯಾಕ್‌ಹ್ಯಾಂಡಿನಲ್ಲೇ ಡಿಸ್ಕಿನ ಎಡ ಅಂಚನ್ನು ಇಳಿಜಾರಿನಷ್ಟೇ ತಗ್ಗಿಸಿ, ಇದಕ್ಕೆ ಹೈಜರ್ ಎನ್ನುತ್ತಾರೆ, ಎತ್ತರಕ್ಕೆ ಮೆಲ್ಲಗೆ ಎಸೆಯಿರಿ. ಡಿಸ್ಕಿನ ತಳ ನೆಲದ ಓರೆಗೆ ಸಮನಾಗಿ ಕೂರಬೇಕು. ವೇಗ ಇರಬಾರದು, ಇದ್ದರೆ ಉರುಳದಿದ್ದರೂ ಜಾರಿಕೊಂಡು ಹೋಗುತ್ತದೆ. ಗರಸಿನ ಮೇಲಂತೂ ತಟ್ಟೆ ಎಸೆದ ಹಾಗೆಯೇ.

ಬುಟ್ಟಿಯ ಹತ್ತಿರದ ಎಸೆತಕ್ಕೂ ಇದೇ ಎಚ್ಚರ ಬೇಕು. ಕೆಳಗಿನಿಂದ ಮೇಲಕ್ಕೆ ಹಾಕುವಾಗ ಕಡಿಮೆ ಬಿದ್ದರೆ ಡಿಸ್ಕ್ ಬುಟ್ಟಿಯ ಅಂಚಿಗೆ ಬಡಿದು ನಿಮ್ಮನ್ನೇ ದಾಟಿ ಕೆಳಗೆ ಓಡುತ್ತದೆ. ಆದ್ದರಿಂದ ಸರಪಳಿಯ ಮೇಲರ್ಧಕ್ಕೆ ಗುರಿ ಇಡಿ. ಮೇಲಿನಿಂದ ಕೆಳಕ್ಕೆ ಹಾಕುವಾಗ ಡಿಸ್ಕ್ ತೇಲುತ್ತದೆ, ಗುರಿ ಕೆಳಗಿರಲಿ. 8–9 ಮೀಟರಿಗಿಂತ ದೂರವಿದ್ದು ಬುಟ್ಟಿಯ ಹಿಂದೆ ಇಳಿಜಾರಿದ್ದರೆ, ಬುಟ್ಟಿಯ ಮುಂದೆ 2 ಮೀಟರಿಗೆ ಇಳಿಸಿ, ಇನ್ನೊಂದು ಎಸೆತದಲ್ಲಿ ಮುಗಿಸುವುದೇ ಲೆಕ್ಕಕ್ಕೆ ಒಳ್ಳೆಯದು. ಇದನ್ನು ಪುಕ್ಕಲುತನ ಎನ್ನುವವರು ಕೆಳಗಿಳಿದು ಡಿಸ್ಕ್ ತರಲಿ.

ಪ್ರ: ಗುಡ್ಡದಲ್ಲಿ ದೂರ ಅಂದಾಜಿಸುವುದು ಹೇಗೆ? (ಗಂಗಾವತಿ)

ಉ: ಎತ್ತರದ ವ್ಯತ್ಯಾಸವನ್ನು 3ರಿಂದ ಗುಣಿಸಿ, ಏರಾದರೆ ಕೂಡಿಸಿ, ಇಳುಕಲಾದರೆ ಕಳೆಯಿರಿ. 80 ಮೀಟರ್ ದೂರದ ಬುಟ್ಟಿ 10 ಮೀಟರ್ ಕೆಳಗಿದ್ದರೆ 50 ಮೀಟರಿನಷ್ಟೇ ಬಲ ಸಾಕು. ಅಷ್ಟೇ ಮೇಲಿದ್ದರೆ 110 ಮೀಟರಿನ ಬಲ ಬೇಕು. ಏರಿನಲ್ಲಿ ಹೆಚ್ಚಿನವರ ತಪ್ಪೆಂದರೆ ಡಿಸ್ಕಿನ ಮೂತಿ, ಅಂದರೆ ಮುಂದಿನ ಅಂಚು, ಎತ್ತುವುದು. ಕೈ ಹೋಗುವ ದಾರಿ ಮೇಲಕ್ಕಿರಲಿ, ಮೂತಿ ಅದೇ ದಾರಿಯಲ್ಲಿರಲಿ. ದಾರಿಗಿಂತ ಮೂತಿ ಮೇಲಾದರೆ ಬಲಗೈ ಬ್ಯಾಕ್‌ಹ್ಯಾಂಡಿನ ಡಿಸ್ಕ್ ಗಾಳಿಯಲ್ಲಿ ನಿಂತು ಎಡಕ್ಕೆ ಬೀಳುತ್ತದೆ. ಇಳುಕಲಿನಲ್ಲಿ ಹಾರಾಟದ ಸಮಯ ಹೆಚ್ಚು, ಕೊನೆಗೆ ಎಡಕ್ಕೆ ವಾಲುವುದೂ ಹೆಚ್ಚು, ಅದಕ್ಕೆ ಬಲಗಡೆ ಜಾಗ ಬಿಟ್ಟು ಎಸೆಯಿರಿ. ಸಡಿಲು ಗರಸಿನ ಮೇಲೆ ಓಡಿ ಬಂದು ಎಸೆಯಬೇಡಿ, ನಿಂತೇ ಎಸೆಯಿರಿ.

ಪ್ರ: ಬುಟ್ಟಿಯನ್ನು ಊರ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಬಹುದೆ? ಅಳತೆ ಕೊಡಿ. (ಲಿಂಗಸೂಗೂರು)

ಉ: ಮಾಡಿಸಬಹುದು. ಅರ್ಧ ಸಾಮಾನು ಸೈಕಲ್ ಅಂಗಡಿಯ ಗುಜರಿಯಲ್ಲೇ ಇದೆ. ಹಳೆಯ 28 ಇಂಚಿನ ದೊಡ್ಡ ಸೈಕಲ್ಲಿನ ರಿಮ್ಮಿನ ಅಡ್ಡಳತೆ ಸುಮಾರು 65 ಸೆಂ.ಮೀ., ಬುಟ್ಟಿಯ ಬಾಯಿಗೆ ಹೇಳಿ ಮಾಡಿಸಿದಂತಿದೆ. ಮೇಲೆ ಸರಪಳಿ ನೇತು ಹಾಕಲು 26 ಇಂಚಿನ ರಿಮ್ ಸಾಕು.

ಕಂಬಕ್ಕೆ ಒಂದೂವರೆ ಇಂಚಿನ ಜಿ.ಐ. (ಸತು ಲೇಪಿತ ಕಬ್ಬಿಣದ) ಪೈಪ್ 1.8 ಮೀಟರ್ ಬೇಕು: ನೆಲದೊಳಗೆ 45 ಸೆಂ.ಮೀ., ಮೇಲೆ 1.35 ಮೀಟರ್. ಬುಟ್ಟಿಯ ಬಾಯಿ ನೆಲದಿಂದ 82 ಸೆಂ.ಮೀ. ಎತ್ತರವಿರಬೇಕು, 6 ಸೆಂ.ಮೀ. ಹೆಚ್ಚುಕಡಿಮೆ ನಡೆಯುತ್ತದೆ. ಬುಟ್ಟಿಯ ಆಳ 20 ಸೆಂ.ಮೀ., 6 ಮಿ.ಮೀ. ಸರಳು, ಸಂದು 5 ಸೆಂ.ಮೀ. ಮೀರದಿರಲಿ. ಬಾಯಿಂದ 50 ಸೆಂ.ಮೀ. ಮೇಲೆ 26 ಇಂಚಿನ ರಿಮ್ಮನ್ನು ನಾಲ್ಕು ಅಡ್ಡಸರಳಿನಿಂದ ಕಂಬಕ್ಕೆ ಬೆಸೆಯಿರಿ. ಅದೇ ಸರಳುಗಳಿಗೆ ಒಳಗಡೆ 25 ಸೆಂ.ಮೀ. ಅಡ್ಡಳತೆಯ ಇನ್ನೊಂದು ಬಳೆ ಬರಲಿ. ಹೊರ ರಿಮ್ಮಿನಿಂದ 72 ಸೆಂ.ಮೀ. ಉದ್ದದ 12 ಸರಪಳಿ, ಒಳ ಬಳೆಯಿಂದ 67 ಸೆಂ.ಮೀ. ಉದ್ದದ 6 ಸರಪಳಿ ಬೇಕು. 4 ಮಿ.ಮೀ. ದಪ್ಪದ ಸರಪಳಿ ಒಟ್ಟು 13 ಮೀಟರ್ ತನ್ನಿ. ಎಲ್ಲದರ ಕೆಳತುದಿಯನ್ನೂ ಕಂಬದ ಸುತ್ತ ಸಡಿಲವಾಗಿ ನೇತಾಡುವ ಒಂದು ಬಳೆಗೆ ಸೇರಿಸಿ. ವೆಲ್ಡಿಂಗಿನವರು ಗಟ್ಟಿ ಕೆಲಸ ಎಂದು ಈ ಬಳೆಯನ್ನು ಕಂಬಕ್ಕೇ ಬೆಸೆದುಬಿಡುತ್ತಾರೆ. ಹಾಗಾದರೆ ಸರಪಳಿ ಬಿಗಿದು ಡಿಸ್ಕ್ ಚೆಂಡಿನಂತೆ ಪುಟಿದು ಹೊರಬೀಳುತ್ತದೆ. ಸರಪಳಿ ತೀರಾ ತೆಳುವಾದರೂ ಡಿಸ್ಕ್ ತೂರಿ ಆಚೆ ಹೋಗುತ್ತದೆ.

ಬೆಸೆಯುವ ಕಡೆ ಪೈಪಿನ ಸತು, ರಿಮ್ಮಿನ ಹೊಳಪು ಎರಡನ್ನೂ ಗ್ರೈಂಡರಿನಿಂದ ತೆಗೆಸಿ, ಬಯಲಲ್ಲಿ ಬೆಸೆಯಲಿ. ಸತುವಿನ ಹೊಗೆ ಕುಡಿದರೆ ರಾತ್ರಿಗೆ ಚಳಿಜ್ವರ ಬರುತ್ತದೆ.

ಕಂಬವನ್ನು ನೇರ ಕಾಂಕ್ರೀಟಿಗೆ ಹಾಕಬೇಡಿ. 45 ಸೆಂ.ಮೀ. ಉದ್ದದ 2 ಇಂಚಿನ ಪೈಪ್ ತುಂಡನ್ನು ಹುಗಿದು, ಅದರೊಳಗೆ ಕಂಬ ಇಳಿಸಿ, ಎರಡಕ್ಕೂ ತೂತು ಕೊರೆದು ಬೀಗ ಹಾಕಿ. ಆಟ ಮುಗಿದ ಮೇಲೆ ಬುಟ್ಟಿ ಮನೆಗೆ ಬರಲಿ, ಇಲ್ಲದಿದ್ದರೆ ಗುಜರಿಗೆ ಹೋದೀತು. ತುಂಡಿನ ತಳ ತೆರೆದಿದ್ದು ಕೆಳಗೆ ಜಲ್ಲಿ ಇದ್ದರೆ ಮಳೆನೀರು ಇಂಗುತ್ತದೆ, ಕಂಬ ಕುಸಿಯದಂತೆ ತಳಕ್ಕೊಂದು ಅಡ್ಡಸರಳು ಹಾಕಿಸಿ. ಬಂಡೆಯ ಮೇಲೆ ಹುಗಿಯಲಾಗದ ಕಡೆ ಹಳೆಯ ಟೈರಿನೊಳಗೆ ಕಾಂಕ್ರೀಟ್ ತುಂಬಿ ಪೀಠ ಮಾಡಿ. ಓರೆಯಲ್ಲಿ ನಿಲ್ಲಿಸುವಾಗ ಬುಟ್ಟಿಯ ಬಾಯಿಗೆ ರಸಮಟ್ಟ ಇಟ್ಟು ನೋಡಿ. ಕಣ್ಣಂದಾಜು ಗುಡ್ಡದಲ್ಲಿ ಮೋಸ ಮಾಡುತ್ತದೆ. ಬುಟ್ಟಿಯಿಂದ 4–5 ಮೀಟರ್ ಕೆಳಗೆ ಅರ್ಧಚಂದ್ರಾಕಾರದಲ್ಲಿ ಒಂದು ಗೇಣು ಎತ್ತರ ಕಲ್ಲಿನ ಒಡ್ಡು ಹಾಕಿದರೆ, ಸಂಡೂರಿನ ಓದುಗರ ಅರ್ಧ ಸಮಸ್ಯೆ ಅಲ್ಲೇ ತಡೆಯುತ್ತದೆ.

ಪ್ರ: ಡಿಸ್ಕ್ ಗುಂಡುಗಲ್ಲಿನ ಬುಡದಲ್ಲೋ ಬಳ್ಳಾರಿ ಜಾಲಿಯೊಳಗೋ ಸಿಕ್ಕಿಕೊಂಡರೆ ನಿಯಮವೇನು? (ಕನಕಗಿರಿ)

ಉ: ಡಿಸ್ಕಿನ ಹಿಂದೆ, ಬುಟ್ಟಿಯಿಂದ ಎಳೆದ ಗೆರೆಯ ಮೇಲೆ, 20 ಸೆಂ.ಮೀ. ಅಗಲ 30 ಸೆಂ.ಮೀ. ಉದ್ದದ ಜಾಗವೇ ನಿಮ್ಮ ನೆಲೆ. ಎಸೆಯುವಾಗ ಒಂದು ಕಾಲು ಅದರಲ್ಲಿರಬೇಕು. ಆ ಜಾಗವನ್ನು ದೊಡ್ಡ ಬಂಡೆ ಆಕ್ರಮಿಸಿದ್ದರೆ ಅದೇ ಗೆರೆಯಲ್ಲಿ ಬಂಡೆಯ ಬೆನ್ನಿಗೇ ಹೋಗಿ ಎಸೆಯಬಹುದು, ದಂಡವಿಲ್ಲ. ಜಾಲಿಗೆ ಈ ರಿಯಾಯಿತಿ ಇಲ್ಲ. ಮುಳ್ಳಿನಲ್ಲಿ ನಿಲ್ಲಲು ಮನಸ್ಸಿಲ್ಲದಿದ್ದರೆ ಗೆರೆಯಲ್ಲಿ ಹಿಂದಕ್ಕೆ ಬೇಕಾದಷ್ಟು ಸರಿಯಿರಿ, ಒಂದು ಎಸೆತ ದಂಡ ಸೇರಿಸಿಕೊಳ್ಳಿ. ಹೆಜ್ಜೇನು ಕಟ್ಟಿದ್ದರೆ ಮಾತ್ರ ಪುಕ್ಕಟೆಯಾಗಿ ಹಿಂದೆ ಸರಿಯಬಹುದು, ಅಪಾಯದ ಹುಳುವಿಗೂ ಪ್ರಾಣಿಗೂ ನಿಯಮದಲ್ಲೇ ವಿನಾಯಿತಿ ಇದೆ. ಹುಡುಕಾಟಕ್ಕೆ 3 ನಿಮಿಷ. ಸಿಗದಿದ್ದರೆ ಹಿಂದಿನ ಜಾಗದಿಂದಲೇ ಮತ್ತೆ ಎಸೆತ, ಜೊತೆಗೆ ಒಂದು ದಂಡ. ಬುಟ್ಟಿಯಿಂದ 10 ಮೀಟರ್ ಒಳಗೆ ಎಸೆದ ಮೇಲೆ ಮುಂದಕ್ಕೆ ಮುಗ್ಗರಿಸಬಾರದು, ನಿಂತಲ್ಲೇ ಸಮತೋಲ ತೋರಿಸಬೇಕು. ಓರೆಯಲ್ಲಿ ಇದೇ ಕಷ್ಟದ ನಿಯಮ. ಬಂಡೆಸಂದಿಗೆ ಕೈ ಹಾಕಬೇಡಿ, ಕೋಲು ಬಳಸಿ.

ಪ್ರ: ಮೊದಲಿಗೆ ಎಷ್ಟು ಡಿಸ್ಕ್ ಬೇಕು? (ಸಿರುಗುಪ್ಪ)

ಉ: ಮೂರು: ಪಟರ್ (ಬುಟ್ಟಿಯ ಹತ್ತಿರಕ್ಕೆ), ಮಿಡ್‌ರೇಂಜ್ (ಮಧ್ಯದ ದೂರಕ್ಕೆ), ಫೇರ್‌ವೇ ಡ್ರೈವರ್ (ದೂರಕ್ಕೆ). ಇದೇ ಕ್ರಮದಲ್ಲಿ, ಇನ್ನೋವಾ ಕಂಪನಿಯ ಏವಿಯರ್, ಡಿಸ್ಕ್ರಾಫ್ಟ್ ಕಂಪನಿಯ ಬಝ್, ಇನ್ನೋವಾದ ಲೆಪರ್ಡ್ ಹಳೆಯ, ನಂಬಬಹುದಾದ ಜೋಡಣೆ. (ನಮ್ಮ ಗುಡ್ಡಗಳಲ್ಲಿ ನಿಜವಾದ ಚಿರತೆಯೂ ಇದೆ, ಕರಡಿಯೂ ಇದೆ, ಹೊತ್ತು ಮುಳುಗುವ ಮೊದಲೇ ಇಳಿದುಬಿಡಿ.) ಡಿಸ್ಕಿನ ಮೇಲಿನ ನಾಲ್ಕು ಅಂಕಿಗಳಲ್ಲಿ ಮೊದಲನೆಯದು ವೇಗ. ಅದು 9 ದಾಟಿದ್ದನ್ನು ಮೊದಲ ವರ್ಷ ಮುಟ್ಟಬೇಡಿ, ಕೈಯಲ್ಲಿ ಅಷ್ಟು ವೇಗ ಇಲ್ಲದಿದ್ದರೆ ಅದು ಬೇಗ ಎಡಕ್ಕೆ ಕುಸಿಯುತ್ತದೆ. ಬಣ್ಣ ನೀಲಿ ಅಥವಾ ಗುಲಾಬಿ ಇರಲಿ. ಕೆಂಪು ಸಂಡೂರಿನ ಕೆಮ್ಮಣ್ಣಿನಲ್ಲಿ, ಹಳದಿ ಒಣಹುಲ್ಲಿನಲ್ಲಿ ಮಾಯವಾಗುತ್ತದೆ. ಕಲ್ಲಿಗೆ ಬಡಿದು ಎದ್ದ ಅಂಚಿನ ಸಿಬಿರನ್ನು ನುಣುಪು ಮರಳುಕಾಗದದಿಂದ ಉಜ್ಜಿ. ಏಪ್ರಿಲ್–ಮೇ ಬಿಸಿಲಲ್ಲಿ ಕಾರಿನೊಳಗೆ ಬಿಟ್ಟರೆ ಡಿಸ್ಕ್ ಸೊಟ್ಟಗಾಗುತ್ತದೆ.

ಪ್ರ: ಆಷಾಢದ ಗಾಳಿಯಲ್ಲಿ ಆಡಬಹುದೆ? (ಬಳ್ಳಾರಿ)

ಉ: ಆಡಬಹುದು. ಎದುರುಗಾಳಿ ಬಲಗೈ ಬ್ಯಾಕ್‌ಹ್ಯಾಂಡಿನ ಡಿಸ್ಕನ್ನು ಎತ್ತಿ ಬಲಕ್ಕೆ ಮಗುಚುತ್ತದೆ, ಅದಕ್ಕೆ ಎಡಕ್ಕೆ ಹೆಚ್ಚು ವಾಲುವ ಡಿಸ್ಕನ್ನು ತಗ್ಗಿನಲ್ಲಿ ಎಸೆಯಿರಿ. ಹಿಂಗಾಳಿ ಡಿಸ್ಕನ್ನು ಕೆಳಕ್ಕೆ ಒತ್ತುತ್ತದೆ, ಸ್ವಲ್ಪ ಎತ್ತರಕ್ಕೆ ಬಿಡಿ. ಗಾಳಿಗೆ ಮೈಯೊಡ್ಡಿದ ಓರೆಯಲ್ಲಿ ಗಾಳಿ ಮೇಲಕ್ಕೇರುವುದರಿಂದ ಹತ್ತಿರದ ಎಸೆತವೂ ಬುಟ್ಟಿಯ ಮೇಲೆ ಹಾರಿಹೋಗುತ್ತದೆ.

ಪ್ರ: ಆನೆಗೊಂದಿಯ ಬಂಡೆಗಳ ನಡುವೆ ಕೋರ್ಸ್ ಮಾಡಿದರೆ ಹೇಗೆ? (ಕೊಪ್ಪಳ)

ಉ: ಬೇಡ. ಆನೆಗೊಂದಿ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿಯಲ್ಲಿದೆ. ಕೇಂದ್ರದ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಕಾಂಕ್ರೀಟ್ ಗುಂಡಿ ತೋಡಿದರೆ ತೊಂದರೆ ಖಂಡಿತ. ಅರಣ್ಯ ಭೂಮಿಗೂ ಅನುಮತಿ ಬೇಕು. ಪರಿಚಯದವರ ಖಾಸಗಿ ಮಸಾರಿ ಓರೆಯಲ್ಲಿ, ಬೆಳೆ ಇಲ್ಲದ ಕಡೆ, ಟೈರ್ ಪೀಠದ ಮೂರು ಬುಟ್ಟಿಗಳಿಂದ ಶುರು ಮಾಡಿ. ಎಸೆಯುವ ದಾರಿ ಕುರಿ ದಾರಿಯನ್ನು ದಾಟದಿರಲಿ. ದಾಟಲೇಬೇಕಾದರೆ ಒಬ್ಬರು ಮೇಲೆ ನಿಂತು ಕೂಗಿ ಹೇಳಿದ ಮೇಲೆಯೇ ಎಸೆತ.